ದರ್ಜಿ ಕಾಲು

“ನಿದ್ದೇಲೂ ಕಾಲು ಆಡಿಸ್ತಿದ್ದ ಮನುಷ್ಯ, ಈಗ ನೋಡಿ ಹೇಗೆ ಮಲಗಿದಾನೆ,” ಎಂದು ಪಕ್ಕದ ಚಪ್ಪಲಿ ಅಂಗಡಿಯವನು ಹೂವಿನ ಹಾರ ಸರಿಪಡಿಸಿದ. ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ದರ್ಜಿಯನ್ನು ಮಲಗಿಸಿದ್ದರು.

“ನನ್ನ ಹೊಟ್ಟೆ ನೋಡಿಯೂ, ‘ನೀವು ಹಾಗೇ ಇದ್ದೀರಿ ಸ್ವಾಮಿ, ಬಟ್ಟೆ ಕುಗ್ಗಿದೆ’ ಅನ್ನೋನು,” ಎಂದ ಹಳೆಯ ಗಿರಾಕಿಯೊಬ್ಬ. ನಕ್ಕವರು ಬಾಯಿಗೆ ಕೈ ಅಡ್ಡ ಹಿಡಿದರು.

ದರ್ಜಿಯ ಮಗನಿಗೆ ಮದುವೆ ಗೊತ್ತಾಗಿದ್ದ ಹುಡುಗಿಯ ತಾಯಿ ಮಾತ್ರ ನಗಲಿಲ್ಲ. ಸತ್ತವನ ಹೆಂಡತಿಯ ಪಕ್ಕಕ್ಕೆ ಸರಿದು ಕೂತರು.

“ಬೀಗಿತ್ತಿ, ಬೇಜಾರು ಮಾಡ್ಕೋಬೇಡಿ. ಇವರಪ್ಪಂಗೂ ಹೀಗೇ ಕೈಕಾಲು ಕುಣಿದು, ಕೊನೆಗೆ ಬುದ್ಧೀನೂ ಹೋಯ್ತಂತಲ್ಲ?”

“ಅದು ದರ್ಜಿ ಕಾಲು ಕಣ್ರೀ. ಯಂತ್ರ ತುಳಿದೂ ತುಳಿದೂ ನರ ಹಾಳಾಗೋದು. ಅದಕ್ಕೇ ನಮ್ಮ ಹುಡುಗನ್ನ ಯಂತ್ರದ ಹತ್ತಿರಾನೂ ಬಿಡಲಿಲ್ಲ ಇವರು. ಅವನು ಬಸ್ ಓಡಿಸ್ತಾನೆ, ಭಯ ಇಲ್ಲ.”

ಬಾಗಿಲಲ್ಲಿ ನಿಂತಿದ್ದ ದರ್ಜಿಯ ಮಗಳು ಆ ಮಾತು ಕೇಳಿ, ತಮ್ಮನನ್ನು ಹುಡುಕುತ್ತ ಹಿತ್ತಲಿಗೆ ನಡೆದಳು.

*

ಆಸ್ಪತ್ರೆಗೆ ಅಪ್ಪನ ಜೊತೆ ಹೋದವಳು ಅವಳೊಬ್ಬಳೇ. ವಂಶವಾಹಿ ಪರೀಕ್ಷೆ ಮಾಡಿದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ಇದು ಯಂತ್ರದಿಂದ ಬಂದದ್ದಲ್ಲ, ರಕ್ತದಲ್ಲೇ ಇಳಿದು ಬಂದದ್ದು. ವಾಸಿಯಾಗುವ ಔಷಧಿಯಿಲ್ಲ. ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ. ಅವಳೂ ರಕ್ತ ಕೊಟ್ಟಳು. ವರದಿ ಬಂದು, “ನಿಮಗಿಲ್ಲಮ್ಮ,” ಎಂದಾಗ ಅವಳು ಅತ್ತುಬಿಟ್ಟಳು. ಅಪ್ಪನ ಮುಖ ಕಪ್ಪಿಟ್ಟಿತು.

“ಇವಳಿಗಿಲ್ಲ ಅಂದ್ಮೇಲೆ ಅವನಿಗೇ ಅಂತಾಯ್ತಲ್ಲ ಮೇಡಂ.”

“ಹಾಗಲ್ಲ ಯಜಮಾನ್ರೇ, ಒಬ್ಬೊಬ್ಬರದೂ ಬೇರೆ ಬೇರೆ ಲೆಕ್ಕ.”

ಅಪ್ಪ ಒಪ್ಪಲಿಲ್ಲ. ಕಲೆಯಿರುವ ಬಟ್ಟೆಯಲ್ಲಿ ಎರಡು ಅಂಗಿ ಕತ್ತರಿಸಿದರೆ, ಒಂದು ತಪ್ಪಿಸಿಕೊಂಡಾಗ ಇನ್ನೊಂದಕ್ಕೆ ಕಲೆ ಬಂದೇ ಬರುತ್ತದೆ. ಜೀವಮಾನವಿಡೀ ಅವರು ಕಂಡದ್ದು ಅದನ್ನೇ. ಮೆಟ್ಟಿಲಿಳಿಯುವಾಗ ಮಗಳ ಕೈ ಹಿಡಿದುಕೊಂಡರು.

“ತಮ್ಮಂಗೆ ಹೇಳಬೇಡ. ಅಮ್ಮಂಗೂ ಬೇಡ. ಮದುವೆ ಒಂದು ಆಗಿಹೋಗ್ಲಿ.”

*

ತಮ್ಮ ಹಿತ್ತಲ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ.

“ದರ್ಜಿ ಕಾಲು ಅಂತ ಯಾವುದೂ ಇಲ್ಲ ಕಣೋ,” ಎಂದಳು ಅಕ್ಕ, ಒಂದೇ ಉಸಿರಿನಲ್ಲಿ. “ರಕ್ತದಲ್ಲಿ ಬರೋದಂತೆ. ಅಪ್ಪ ಹೇಳಬೇಡ ಅಂದಿದ್ರು. ಆದ್ರೆ ನೀನು ಬಸ್ ತುಂಬ ಜನ ಕೂರಿಸ್ಕೊಂಡು ಹೋಗ್ತೀಯ. ಆ ಹುಡುಗಿ ಬೇರೆ…”

ಅವನು ನಲ್ಲಿ ನಿಲ್ಲಿಸಿದ. “ನಿಂಗಿದೆಯಾ?”

“ಇಲ್ಲ.”

“ಹಾಗಾದ್ರೆ ನಂಗೆ.”

“ಅಪ್ಪನ ಲೆಕ್ಕ ನೀನೂ ಹಾಕ್ಬೇಡ. ಇರಬಹುದು, ಇಲ್ಲದೇನೂ ಇರಬಹುದು. ಪರೀಕ್ಷೆ ಮಾಡಿಸಿದ್ರೇ ಗೊತ್ತಾಗೋದು.”

ಅವನು ಮುಖ ಒರೆಸಿಕೊಳ್ಳಲಿಲ್ಲ. ಗದ್ದದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

“ಯಂತ್ರ ಮುಟ್ಟಿದ್ದಕ್ಕೆ ಅಪ್ಪ ನಂಗೆ ಸ್ಕೇಲಲ್ಲಿ ಹೊಡೆದಿದ್ರು, ನೆನಪಿದೆಯಾ? ಹಾಗಾದ್ರೆ ನಾನು ಹೊಲೀಬಹುದಿತ್ತು, ಅಕ್ಕ.”

ಅವಳು ಟವೆಲ್ ತರಲೆಂದು ತಿರುಗಿದರೆ, ಅವನು ಮದುವೆಯಾಗಲಿದ್ದ ಹುಡುಗಿ ನೀರಿನ ಲೋಟ ಹಿಡಿದು ಹಿಂದೆಯೇ ನಿಂತಿದ್ದಳು. ಯಾವಾಗ ಬಂದಳೋ.

ಅವನು ಕೈಚಾಚಿ ಲೋಟ ತೆಗೆದುಕೊಂಡ. ಒದ್ದೆ ಕೈಯಿಂದ ಅದು ಜಾರಿ ಬಿತ್ತು. ಹಾಸುಗಲ್ಲಿನ ಮೇಲೆ ಸದ್ದು ಮಾಡುತ್ತ ಉರುಳಿಹೋಯಿತು. ಹುಡುಗಿ ಅದರ ಕಡೆ ತಿರುಗಲಿಲ್ಲ. ಒಂದು ಹೆಜ್ಜೆ ಹಿಂದಕ್ಕಿಟ್ಟು, ಅವನ ಬೆರಳುಗಳನ್ನೇ ನೋಡುತ್ತ ನಿಂತಳು.