ಬ್ರೇಕ್ ಆಯಿಲ್ ಎಣ್ಣೆಯಲ್ಲ

ಆ ಬೀದಿಯಲ್ಲಿ ಅವನ ಸ್ವಂತ ಹೆಸರು ಯಾರಿಗೂ ಬೇಕಿರಲಿಲ್ಲ. ಜರ್ಕಣ್ಣ ಎಂದರೆ ಸಾಕು, ಎಳೆ ಮಕ್ಕಳೂ ಮನೆ ತೋರಿಸುತ್ತಿದ್ದರು. ತಪ್ಪು ಅವನದಲ್ಲ, ಅವನ ಚಿಕ್ಕ ಲಾರಿಯದು. ಗೇರ್ ಬದಲಿಸಿ ಕ್ಲಚ್ ಬಿಟ್ಟಾಗಲೆಲ್ಲ ಅದು ಜರ್ಕ್ ಹೊಡೆದು ಕುಪ್ಪಳಿಸುತ್ತಿತ್ತು. ಮರಳನ್ನೋ ಇಟ್ಟಿಗೆಯನ್ನೋ ಸಾಗಿಸುವವನಾಗಿದ್ದರೆ ಚಿಂತೆಯಿರಲಿಲ್ಲ. ಜರ್ಕಣ್ಣ ಸಾಗಿಸುತ್ತಿದ್ದುದು ಕಿಟಕಿ ಗಾಜು.

ಗಂಡ ಹೆಂಡತಿ ಸರದಿಯ ಮೇಲೆ ಲಾರಿ ಓಡಿಸುತ್ತಿದ್ದರು. ಗಾಡಿ ಒಮ್ಮೆ ಕುಪ್ಪಳಿಸಿದರೆ ಹಿಂದೆ ಗಾಜು ಕಿಣಿ ಎನ್ನುತ್ತಿತ್ತು, ಮುಂದೆ ಕೂತವರ ಜೀವ ಬಾಯಿಗೆ ಬರುತ್ತಿತ್ತು.

"ರೀ, ಒಂದ್ಸಲ ಗ್ಯಾರೇಜಿಗೆ ತೋರಿಸೋಣ," ಎಂದು ಹೆಂಡತಿ ಹೇಳುತ್ತಲೇ ಇದ್ದಳು.

"ಗ್ಯಾರೇಜ್ ಯಾಕೆ? ಈ ತಲೆ ನರೆತಿದ್ದು ಬಿಸಿಲಿಗಲ್ಲ ಕಣೇ, ಸ್ಟೇರಿಂಗ್ ಹಿಂದೆ ಕೂತು!"

ಒಂದು ದಿನ ಅವನೇ ಲಾರಿಯ ಕೆಳಗೆ ತೂರಿದ. ಕ್ಲಚ್ ತುಳಿದರೆ ಒಂದು ಪೈಪಿನೊಳಗಿನ ಬ್ರೇಕ್ ಆಯಿಲ್ ಎಂಬ ದ್ರವ ಒತ್ತಿಕೊಂಡು ಹೋಗಿ ಕ್ಲಚ್ಚನ್ನು ಬಿಡಿಸುತ್ತದೆ, ಅಷ್ಟು ಅವನಿಗೆ ಗೊತ್ತಿತ್ತು. ಪೈಪು ದಪ್ಪಗಿದ್ದರೆ ಗೇರ್ ನಯವಾಗಿ ಬೀಳಬೇಕಲ್ಲ ಎಂದು ಅವನ ಲೆಕ್ಕ. ಮನೆಯಲ್ಲಿ ಬಿದ್ದಿದ್ದ ಡೀಸೆಲ್ ಪೈಪಿನ ತುಂಡನ್ನು ಕತ್ತರಿಸಿ, ಕ್ಲಿಪ್ಪು ಬಿಗಿದು ಕೂರಿಸಿದ. ಸೋರಿಹೋದ ಬ್ರೇಕ್ ಆಯಿಲಿನ ಜಾಗಕ್ಕೆ ಮೂಲೆಯಲ್ಲಿದ್ದ ಆಯಿಲ್ ಡಬ್ಬದಿಂದ ತುಂಬಿದ. ಆಯಿಲ್ ಅಂದಮೇಲೆ ಆಯಿಲೇ ತಾನೆ!

ಮೊದಲ ಕೆಲವು ದಿನ ಗೇರ್ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಿತ್ತು. ಜರ್ಕಣ್ಣ ಮೀಸೆ ತಿರುವಿಕೊಂಡು ಓಡಾಡಿದ.

ವಾರದೊಳಗೆ ಒಂದು ಮಧ್ಯಾಹ್ನ ಅವನ ಅಕ್ಕ ಮನೆಗೆ ಬಂದಳು. ಅವಳು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಂಡತಿ ಆಗಲೇ ಗಾಜು ತುಂಬಿಕೊಂಡು ಗುಡ್ಡದ ಮೇಲೆ ಕಟ್ಟುತ್ತಿದ್ದ ಹೊಸ ಶಾಲೆಗೆ ಹೊರಟುಹೋಗಿದ್ದಳು.

"ಏನೋ, ನಿನ್ನ ಲಾರಿ ಕುಣಿಯೋದು ಬಿಟ್ಟಿದ್ಯಂತೆ?"

"ಬೀದಿಯವರು ಇನ್ನು ನಂಗೆ ಬೇರೆ ಹೆಸರು ಹುಡುಕ್ಬೇಕು ಅಕ್ಕ. ಕ್ಲಚ್ಚಿಗೆ ದಪ್ಪ ಪೈಪ್ ಹಾಕ್ದೆ, ಆಯಿಲ್ ತುಂಬ್ದೆ. ಅಷ್ಟೇ!"

"ಯಾವ ಆಯಿಲ್?"

"ಯಾವ ಆಯಿಲ್ ಅಂದ್ರೆ? ಆಯಿಲ್!"

ಅಕ್ಕ ಕೈಲಿದ್ದ ನೀರಿನ ಲೋಟ ಕೆಳಗಿಟ್ಟಳು. "ಡಬ್ಬ ತೋರ್ಸು."

ಡಬ್ಬ ನೋಡಿದವಳೇ ಹಣೆ ಚಚ್ಚಿಕೊಂಡಳು. "ಇದು ಎಂಜಿನ್ ಆಯಿಲ್ ಕಣೋ!"

"ಎಂಜಿನ್ನಿಗೇ ಆಗೋದು ಕ್ಲಚ್ಚಿಗೆ ಆಗಲ್ವಾ? ನೋಡು, ಎಷ್ಟು ಜಾರುತ್ತೆ."

"ಬೆಳ್ಳಗಿರೋದೆಲ್ಲ ಹಾಲಲ್ಲ ತಮ್ಮಾ. ಬ್ರೇಕ್ ಆಯಿಲ್ ಅನ್ನೋದು ನಮ್ಮ ಬಾಯಿಮಾತು, ಅಷ್ಟೇ. ಅದು ಎಣ್ಣೆನೇ ಅಲ್ಲ, ಬೇರೇನೇ ದ್ರವ! ಬ್ರೇಕು, ಕ್ಲಚ್ಚಿನೊಳಗೆ ರಬ್ಬರ್ ವಾಷರ್ ಇರುತ್ತಲ್ಲ, ಅದಕ್ಕೆ ಎಣ್ಣೆ ತಾಗ್ತೋ, ಉಬ್ಬಿ ಹಾಳಾಗುತ್ತೆ."

"ನಿಮ್ಮ ಬಸ್ಸಿನ ರಬ್ಬರ್ ಉಬ್ಬುತ್ತೇನೋ, ನಮ್ಮದು ಗಟ್ಟಿ. ಬೇಕಾದ್ರೆ ನೋಡು. ಒಂದು ಜೊತೆ ವಾಷರ್ ತಂದಿದ್ದೆ, ಒಂದನ್ನ ಮೆತ್ತಗಿರ್ಲಿ ಅಂತ ಇದೇ ಆಯಿಲಲ್ಲಿ ನೆನೆಸಿಟ್ಟಿದೀನಿ."

ಕಿಟಕಿಯ ಕಟ್ಟೆಯ ಮೇಲಿದ್ದ ತಟ್ಟೆಯಿಂದ ಅದನ್ನು ಎತ್ತಿ ಅಕ್ಕನ ಅಂಗೈಗೆ ಹಾಕಿದ. ಅವಳು ಪೊಟ್ಟಣದಲ್ಲಿ ಹಾಗೇ ಉಳಿದಿದ್ದ ಅದರ ಜೋಡಿಯನ್ನು ತೆಗೆದು ಪಕ್ಕದಲ್ಲಿಟ್ಟಳು. ಒಂದೇ ಅಂಗಡಿಯಿಂದ, ಒಂದೇ ದಿನ ತಂದ ವಾಷರುಗಳು. ಒಂದು ತಂದ ಹಾಗೇ ಇತ್ತು. ಇನ್ನೊಂದು ರಾತ್ರಿಯೆಲ್ಲ ನೆನೆದ ಕಾಳಿನ ಹಾಗೆ ಊದಿಕೊಂಡಿತ್ತು. ಉಗುರು ಒತ್ತಿದರೆ ಗುಳಿ ಬಿತ್ತು.

ಜರ್ಕಣ್ಣ ತಾನೂ ಅದನ್ನು ಒತ್ತಿ ನೋಡಿದ. ಆದರೂ ಸೋಲೊಪ್ಪಲು ಮನಸ್ಸಿಲ್ಲ. "ಹೆಚ್ಚಂದ್ರೆ ಗೇರ್ ಬೀಳಲ್ಲ, ಅಷ್ಟೇ ತಾನೆ? ಗಾಡಿ ನಿಂತುಬಿಡುತ್ತೆ."

"ನಿನ್ನ ಲಾರೀಲಿ ಆಯಿಲ್ ತುಂಬೋ ಡಬ್ಬಿ ಕ್ಲಚ್ಚಿಗೊಂದು, ಬ್ರೇಕಿಗೊಂದು ಬೇರೆ ಬೇರೆ ಇದ್ಯಾ?"

ಇರಲಿಲ್ಲ. ಎರಡಕ್ಕೂ ಒಂದೇ ಡಬ್ಬಿ. ಅವನು ಹಾಕಿದ ಎಣ್ಣೆ ಬ್ರೇಕಿಗೂ ಇಳಿದಿತ್ತು.

"ಲಾರಿ ಎಲ್ಲೋ?"

"ಗುಡ್ಡದ ಶಾಲೆಗೆ... ಅವಳು..."

ಜರ್ಕಣ್ಣ ಹೆಂಡತಿಗೆ ಫೋನ್ ಮಾಡಿದ, ರಿಂಗಾಯಿತು, ಅವಳು ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಸ್ಟೇರಿಂಗ್ ಹಿಡಿದ ಕೈ ಫೋನ್ ಮುಟ್ಟಬಾರದು ಎಂದು ಅವಳಿಗೆ ಪಾಠ ಹೇಳಿದವನು ಅವನೇ. ಶಾಲೆ ಕಟ್ಟಿಸುತ್ತಿದ್ದ ಮೇಸ್ತ್ರಿಗೆ ಮಾಡಿದ.

"ಗಾಜೆಲ್ಲ ಇಳಿಸಾಯ್ತಲ್ಲ ಜರ್ಕಣ್ಣ, ಒಂದೂ ಒಡೆದಿಲ್ಲ," ಎಂದು ಮೇಸ್ತ್ರಿ ನಕ್ಕ. "ಅಮ್ಮಾವ್ರು ಈಗಷ್ಟೇ ಇಳಿಜಾರಿಗೆ ಹೊರಟ್ರು."

ಅಕ್ಕ ಆಗಲೇ ಸ್ಕೂಟರ್ ಶುರು ಮಾಡಿದ್ದಳು.

ಜರ್ಕಣ್ಣ ಹಿಂದೆ ಹಾರಿ ಕೂತ. ಗುಡ್ಡದ ರಸ್ತೆ ಕೆಳಗೆ ನೇರವಾಗಿ ಸಂತೆಬೀದಿಗೆ ಬಂದು ಸೇರುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನ, ತಳ್ಳುಗಾಡಿ, ಶಾಲೆ ಬಿಟ್ಟ ಮಕ್ಕಳು. ಅವನಿಗೆ ಭಯವಾಗಿತ್ತು, ಇಡೀ ಆಯುಷ್ಯದಲ್ಲಿ ಆಗದಷ್ಟು ಭಯ. ನನ್ನ ಕೈಯಾರೆ ಮಾಡಿದೆನಲ್ಲ ಎಂದು ಮನಸ್ಸು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಗುಡ್ಡದ ಬುಡ ತಲುಪುವ ಮೊದಲೇ ಹಾರ್ನ್ ಕೇಳಿಸಿತು. ಬಿಟ್ಟುಬಿಟ್ಟು ಅಲ್ಲ, ಒಂದೇ ಉಸಿರಿಗೆ, ನಿಲ್ಲಿಸದೆ. ತಿರುವಿನಲ್ಲಿ ಲಾರಿ ಕಾಣಿಸಿತು. ವೇಗವಿರಲಿಲ್ಲ. ಎಂಜಿನ್ ಗೊಗ್ಗರು ದನಿಯಲ್ಲಿ ಅರಚುತ್ತಿತ್ತು. ಆದರೆ ಅದು ನಿಲ್ಲುತ್ತಿರಲಿಲ್ಲ.

ಜರ್ಕಣ್ಣ ಸ್ಕೂಟರಿನಿಂದ ಹಾರಿದ. "ದಾರಿ ಬಿಡ್ರೋ! ಬ್ರೇಕಿಲ್ಲ! ದಾರಿ ಬಿಡಿ!" ಎಂದು ಕೂಗುತ್ತ ಓಡಿದ. ಜನ ದಿಕ್ಕಾಪಾಲಾದರು. ಅಕ್ಕ ಒಂದು ತಳ್ಳುಗಾಡಿಯನ್ನು ತಾನೇ ಬದಿಗೆ ನೂಕಿದಳು. ಸಂತೆಬೀದಿಗೆ ಇನ್ನು ನಾಲ್ಕು ಮನೆಗಳಷ್ಟೇ ದೂರ. ಅಲ್ಲಿ ಯಾರೋ ಮನೆ ಕಟ್ಟಲು ಮರಳು ಸುರಿಸಿದ್ದರು. ಜರ್ಕಣ್ಣ ಎರಡೂ ಕೈ ಆ ಕಡೆ ಬೀಸಿದ. ಹೆಂಡತಿ ಅವನನ್ನು ನೋಡಲಿಲ್ಲ, ಆದರೆ ಮರಳನ್ನು ನೋಡಿದ್ದಳು. ಲಾರಿ ಎಡಕ್ಕೆ ಹೊರಳಿತು. ಮುಂದಿನ ಚಕ್ರಗಳು ಮರಳಿನಲ್ಲಿ ಹೂತುಹೋದವು, ಗಾಡಿ ಒಮ್ಮೆ ಎಗರಿ ನಿಂತಿತು, ಎಂಜಿನ್ ಆರಿತು. ಹಾರ್ನ್ ಮಾತ್ರ ಕೂಗುತ್ತಲೇ ಇತ್ತು. ಅವಳ ಕೈ ಅದರ ಮೇಲಿಂದ ಏಳಲಿಲ್ಲ.

ಜರ್ಕಣ್ಣ ಬಾಗಿಲು ತೆಗೆದು ಆ ಕೈಯನ್ನು ಮೆಲ್ಲಗೆ ಬಿಡಿಸಿದ.

"ಬ್ರೇಕ್ ತುಳಿದ್ರೆ ಪೆಡಲ್ ನೆಲಕ್ಕೆ ಹೋಯ್ತು ರೀ," ಎಂದಳು ಅವಳು. "ಕ್ಲಚ್ ತುಳಿದ್ರೂ ಗೇರ್ ಬಿಡಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದೆ, ಅದೂ ಸಾಲಲಿಲ್ಲ."

"ಮತ್ತೆ ಹೇಗೆ ತಂದೆ?"

"ಹತ್ತಿದ ಗೇರಲ್ಲೇ ಇಳೀಬೇಕು ಅಂತ ನೀವೇ ತಾನೆ ಬಡ್ಕೋತಿದ್ದದ್ದು? ಒಂದನೇ ಗೇರಲ್ಲೇ ಹೊರಟಿದ್ದೆ. ಇಲ್ದಿದ್ರೆ..."

ಅಕ್ಕ ಬಗ್ಗಿ ಲಾರಿಯ ಅಡಿ ನೋಡಿದಳು. ದಪ್ಪ ಡೀಸೆಲ್ ಪೈಪು ಉದ್ದಕ್ಕೆ ಸೀಳಿ, ಎಣ್ಣೆ ಮರಳಿಗೆ ತೊಟ್ಟಿಕ್ಕುತ್ತಿತ್ತು. ಜರ್ಕಣ್ಣ ಅಲ್ಲೇ, ಸುತ್ತ ನಿಂತ ಜನರ ಮುಂದೆಯೇ, ತಾನು ಮಾಡಿದ್ದನ್ನೆಲ್ಲ ಹೆಂಡತಿಗೆ ಹೇಳಿದ. ಆಯಿಲ್ ಅಂದಮೇಲೆ ಆಯಿಲೇ ಅಂದುಕೊಂಡೆ ಎಂದ.

ಅವಳು ಅವನ ಮುಖವನ್ನೇ ನೋಡಿದಳು. "ಹಾಗಾದ್ರೆ ಗಾಜು ಅಂದಮೇಲೆ ಗಾಜೇ ಅಲ್ವಾ? ಸಂಜೆ ನಿಮ್ಮ ಕನ್ನಡಕಕ್ಕೆ ಎರಡು ತುಂಡು ಕಿಟಕಿ ಗಾಜು ಹಾಕಿಸ್ಕೊಡ್ತೀನಿ, ಹಾಕ್ಕೊಳ್ಳಿ!"

ನೆರೆದವರು ನಕ್ಕರು. ಅವಳು ನಗಲಿಲ್ಲ. ಅವಳ ಕಣ್ಣಿಂದ ದಳದಳ ನೀರು ಇಳಿಯಿತು. ಜರ್ಕಣ್ಣನಿಗೂ ತಡೆಯಲಾಗಲಿಲ್ಲ.

ಮರುದಿನ ಲಾರಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದರು. ಅಕ್ಕನೂ ಜೊತೆಗಿದ್ದಳು.

"ಮೊದಲು ಜರ್ಕ್ ಹೊಡೀತಿದ್ದದ್ದು ಪೈಪಲ್ಲಿ ಗಾಳಿ ಸೇರಿ ಕಣೋ," ಎಂದಳು. "ನೀನು ಪೈಪ್ ಬಿಚ್ಚಿ ತುಂಬಿದಾಗ ಆ ಗಾಳಿ ಹೋಗಿದ್ದಕ್ಕೇ ನಾಲ್ಕು ದಿನ ನಯವಾಗಿದ್ದು. ಗಾಳಿ ತೆಗೆಸಿದ್ರೆ ಮುಗೀತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಯಲ್ಲ!"

"ಪೈಪ್ ಬದಲಾಯಿಸಿದ್ದೇ ತಪ್ಪಾ ಅಕ್ಕ?" ಈ ಸಲ ಅವನು ಕೇಳಿದ್ದು ಜಗಳಕ್ಕಲ್ಲ.

"ಬದಲಾಯಿಸು, ಯಾರು ಬೇಡ ಅಂದ್ರು? ಕ್ಲಚ್ ತುಳಿದಾಗ ಹಳೇ ಪೈಪ್ ಉಬ್ಬುತ್ತಿದ್ರೆ ಬದಲಾಯಿಸಲೇಬೇಕು. ಆದ್ರೆ ಆ ಒತ್ತಡ ತಡೆಯೋಕೆ ಅಂತಲೇ ಮಾಡಿದ ಪೈಪ್ ಇರುತ್ತೆ, ನಿನ್ನ ಗಾಡಿಗೆ ಹೊಂದೋದು. ಅದನ್ನ ಕೈ ಪಳಗಿದವರ ಹತ್ರ ಹಾಕಿಸು. ಡೀಸೆಲ್ ಪೈಪ್ ಡೀಸೆಲ್ಲಿಗೆ."

ಗ್ಯಾರೇಜಿನವರು ಕೆಟ್ಟ ದ್ರವವನ್ನೆಲ್ಲ ಹೊರಹಾಕಿ, ಒಳಗನ್ನು ತೊಳೆದು, ಎಣ್ಣೆ ತಾಗಿದ್ದ ರಬ್ಬರನ್ನೆಲ್ಲ ಬದಲಿಸಿದರು, ಕ್ಲಚ್ಚಿನದಷ್ಟೇ ಅಲ್ಲ, ಬ್ರೇಕಿನದೂ. ಉಕ್ಕಿನ ಜಾಲರಿ ಹೊದಿಸಿದ ಹೊಸ ಪೈಪು ಕೂರಿಸಿದರು. ಲಾರಿಯ ಆ ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆಯದೆಂದು ಬರೆದಿತ್ತೋ ಅದೇ ಬ್ರೇಕ್ ಆಯಿಲಿನ ಸೀಲು ಒಡೆದು ತುಂಬಿ, ಗುಳ್ಳೆ ಬರುವುದು ನಿಲ್ಲುವ ತನಕ ಪೈಪಿನ ಗಾಳಿ ತೆಗೆದರು. ಆಮೇಲೆ ಖಾಲಿ ಲಾರಿಯನ್ನು ಸಮತಟ್ಟು ರಸ್ತೆಯಲ್ಲಿ ಓಡಿಸಿ, ನಿಲ್ಲಿಸಿ, ನೋಡಿದರು. ಹೆಂಡತಿ ಗೇರ್ ಹಾಕಿದಳು. ಜರ್ಕಿಲ್ಲ. ಬ್ರೇಕ್ ತುಳಿದಳು. ಹೇಳಿದ ಜಾಗದಲ್ಲಿ ನಿಂತಿತು.

ಬೀದಿಯವರು ಅವನನ್ನು ಈಗಲೂ ಜರ್ಕಣ್ಣ ಎಂದೇ ಕರೆಯುತ್ತಾರೆ. ಊದಿದ ಆ ವಾಷರನ್ನು ಅವನು ದಾರ ಕಟ್ಟಿ ಸ್ಟೇರಿಂಗ್ ಮುಂದೆ ನೇತುಹಾಕಿಕೊಂಡಿದ್ದಾನೆ. ಕೇಳಿದವರಿಗೆಲ್ಲ ಕಥೆ ಹೇಳುತ್ತಾನೆ, ತನ್ನ ಮಾನ ಹೋದರೂ ಸರಿ ಎಂದು.

ಈ ಕಥೆ ಓದಿದ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯ ಗೇರ್ ನಯವಾಗಬೇಕೇ? ಖಂಡಿತ ಆಗಲಿ. ಆದರೆ ಕೈಗೆ ಸಿಕ್ಕ ಪೈಪು, ಮೂಲೆಯಲ್ಲಿ ಸಿಕ್ಕ ಡಬ್ಬ ಬೇಡ. ತಪ್ಪಿ ಬೇರೆ ಎಣ್ಣೆ ಬಿದ್ದಿದ್ದರೆ, ನೆಟ್ಟಗೇ ಓಡುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ. ಗಾಡಿಯನ್ನು ಇದ್ದಲ್ಲೇ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕರೆಸಿ. ಮನೆಯಲ್ಲಿರುವವರೇ, ನಿಮಗೆ ಗಾಡಿಯ ವಿಷಯ ಗೊತ್ತಿರಬೇಕಿಲ್ಲ. ನಿಮ್ಮವರು "ಆಯಿಲ್ ಹಾಕ್ತೀನಿ" ಎಂದು ಎದ್ದಾಗ ಒಂದೇ ಒಂದು ಮಾತು ಕೇಳಿ.

"ಯಾವ ಆಯಿಲ್?"