ಒಂದು ಓಟಿನ ತಕರಾರು ಅರ್ಜಿ

ರುಜು ಮೇಡಂ ಎಂದರೆ ಆ ವಾರ್ಡಿನಲ್ಲಿ ಗೊತ್ತಿಲ್ಲದವರಿಲ್ಲ. ನೋಂದಣಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕೂತು, ಬಂದ ಕಾಗದವನ್ನೆಲ್ಲ ಓದಿ, ಮೂಲೆಯಲ್ಲಿ ಚಿಕ್ಕ ರುಜು ಹಾಕಿ, ಕೆಳಗೆ ತಾರೀಖು ಬರೆದು ಮುಂದಕ್ಕೆ ತಳ್ಳಿದವರು. ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು, ಅವರ ಕೈ ಮಾತ್ರ ಇನ್ನೂ ನೌಕರಿಯಲ್ಲೇ ಇತ್ತು. ಕರೆಂಟ್ ಬಿಲ್ಲು, ಔಷಧದ ಚೀಟಿ, ತರಕಾರಿ ಪಟ್ಟಿ, ಮೊಮ್ಮಗಳು ಬರೆದ ಆನೆಯ ಚಿತ್ರ, ಯಾವ ಕಾಗದ ಸಿಕ್ಕರೂ ಮೂಲೆಯಲ್ಲಿ ಒಂದು ಸುರುಳಿ, ಒಂದು ಗೆರೆ, ಎರಡು ಚುಕ್ಕೆ, ತಾರೀಖು. ಆನೆಗೆ ರುಜು ಬಿದ್ದಾಗ ಮೊಮ್ಮಗಳು ಅತ್ತು ರಂಪ ಮಾಡಿದ್ದಳು. ಅಳುವಂಥದ್ದೇನಿದೆ ಎಂದು ಮೇಡಂಗೆ ಇಂದಿಗೂ ಅರ್ಥವಾಗಿಲ್ಲ. ಮಂಜೂರಾದ ಆನೆಯಲ್ಲವೇ ಅದು.

ಇಂಥವರ ಕೈಗೆ ಓಟಿನ ಚೀಟಿ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ವಾರ್ಡಿನ ಸದಸ್ಯನನ್ನು ಆರಿಸುವ ಓಟಿನ ದಿನ ಅವರು ಸ್ವಂತ ಪೆನ್ನು ಒಯ್ದಿದ್ದರು. ಕಚೇರಿಗಳಲ್ಲಿ ದಾರ ಕಟ್ಟಿ ಇಟ್ಟಿರುವ ಪೆನ್ನಿನ ಯೋಗ್ಯತೆ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮತದಾರರ ಪಟ್ಟಿಯಲ್ಲಿ ಸಹಿ ಮಾಡಿ, ಪೆನ್ನು ಹಿಡಿದುಕೊಂಡೇ ರಟ್ಟಿನ ಮರೆಗೆ ಹೋದರು. ಚೀಟಿಯಲ್ಲಿ ಇದ್ದದ್ದು ಎರಡೇ ಹೆಸರು. ಒಂದು ಮುಂದಿನ ಬೀದಿಯ ಬೇಕರಿಯವನದು. ಇನ್ನೊಂದು, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡು ವಾಚು ರಿಪೇರಿ ಮಾಡುವ ತಮ್ಮ ಯಜಮಾನರದು. ಮೇಡಂ ಮುದ್ರೆಯನ್ನು ಬೇಕರಿಯವನ ಹೆಸರಿನ ಎದುರು ಒತ್ತಿದರು. ಹೌದು, ಬೇಕರಿಯವನ ಎದುರೇ. ಯಾಕೆ ಎಂದು ತಮ್ಮನ್ನೇ ಕೇಳಿಕೊಂಡಾಗಲೆಲ್ಲ ಚರಂಡಿ ಎಂದು ಉತ್ತರ ಕೊಟ್ಟುಕೊಳ್ಳುತ್ತಿದ್ದರು; ಬೇಕರಿಯವನು ತಾನೇ ಮುಂದೆ ನಿಂತು ಬೀದಿಯ ಕಟ್ಟಿಕೊಂಡ ಚರಂಡಿ ಬಿಡಿಸಿದ್ದ. ಚೀಟಿ ಮಡಚುವ ಮುಂಚೆ ಕೈ ತನ್ನ ಪಾಡಿಗೆ ತಾನು ಮೂಲೆಗೆ ಹೋಗಿ ತನ್ನ ಕೆಲಸವನ್ನೂ ಮುಗಿಸಿತು. ಅದು ಆಗ ಅವರ ಗಮನಕ್ಕೂ ಬರಲಿಲ್ಲ.

ಬೇಕರಿಯವನಿಗೆ ನಾನ್ನೂರ ಹನ್ನೆರಡು ಓಟು ಬಿತ್ತು. ಯಜಮಾನರಿಗೆ ನಾನ್ನೂರ ಹನ್ನೊಂದು.

ನೂರು ಓಟಿನಲ್ಲಿ ಸೋತಿದ್ದರೆ ಯಜಮಾನರು ಒಂದು ವಾರ ಮುಖ ಊದಿಸಿಕೊಂಡಿದ್ದು ಸುಮ್ಮನಾಗುತ್ತಿದ್ದರು. ಒಂದು ಓಟು ಮನುಷ್ಯನನ್ನು ಸುಮ್ಮನೆ ಬಿಡುವ ಪೈಕಿಯಲ್ಲ. ದಿನಕ್ಕೆ ಒಂದು ಸೆಕೆಂಡು ಹಿಂದೆ ಬೀಳುವ ವಾಚನ್ನೂ ಬಿಚ್ಚಿ ಹರಡಿಕೊಂಡು ಕೂರುವ ಆಸಾಮಿ ಅವರು. ಎಣಿಕೆಯಲ್ಲಿ ತಿರಸ್ಕರಿಸಿದ ಒಂಬತ್ತು ಚೀಟಿಗಳ ಪಟ್ಟಿಯನ್ನು ತರಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಓದಿದರು. ಊಟದ ಮೇಜಿಗೂ ತಂದು ಗಟ್ಟಿಯಾಗಿ ಓದಿದರು. ಮೂರು ಚೀಟಿಯಲ್ಲಿ ಎರಡೂ ಹೆಸರಿಗೆ ಮುದ್ರೆ, ಐದರಲ್ಲಿ ಮುದ್ರೆ ಮಸುಕು. ಕ್ರಮ ಸಂಖ್ಯೆ ಏಳು: ಮತದಾರರ ಗುರುತು ಸಿಗುವಂತೆ ರುಜು, ತಾರೀಖು ಸಹಿತ.

ಮೇಡಂ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು.

"ಯಾವನೋ ಪುಣ್ಯಾತ್ಮ, ಓಟಿನ ಚೀಟಿಗೂ ರುಜು ಹಾಕಿದ್ದಾನೆ ನೋಡು," ಎಂದು ಯಜಮಾನರು ಬಿದ್ದು ಬಿದ್ದು ನಕ್ಕರು. ಮೂವತ್ತೈದು ವರ್ಷ ಜೊತೆಗಿದ್ದವರಿಗೆ ಎದುರಿಗೆ ಕೂತವಳ ಮೇಲೆ ಅನುಮಾನ ಬರಲಿಲ್ಲ. ವಾಚಿನೊಳಗಿನ ಕೂದಲೆಳೆ ಕಾಣುವ ಕಣ್ಣಿಗೆ ಹೆಂಡತಿ ಕಾಣುವುದಿಲ್ಲ, ಏನು ಮಾಡುವುದು.

ಮರುದಿನವೇ ಮೇಡಂನ ತಮ್ಮ ಬಂದ. ವೃತ್ತಿಯಲ್ಲಿ ವಕೀಲ, ಸ್ವಭಾವದಲ್ಲೂ ವಕೀಲ. ಇಂಥ ಕೇಸು ಹತ್ತು ವರ್ಷಕ್ಕೊಂದು ಸಿಕ್ಕರೆ ಹೆಚ್ಚು ಎಂದು ಭಾವನನ್ನು ಹುರಿದುಂಬಿಸಿದ. ಅಂತರ ಒಂದು, ತಿರಸ್ಕೃತ ಒಂಬತ್ತು. ಅದರಲ್ಲಿ ಎರಡು ಊರ್ಜಿತವಾಗಿ ಈ ಕಡೆ ಬಿದ್ದರೆ ಬೇಕರಿಯವನು ಮನೆಗೆ. ಅರ್ಜಿ ಹಾಕಲು ಫಲಿತಾಂಶ ಬಂದ ದಿನದಿಂದ ಮೂವತ್ತು ದಿನ ಗಡುವು. ಅದರಲ್ಲೂ ಆ ಏಳನೇ ಚೀಟಿಯ ಮೇಲೆ ತಮ್ಮನಿಗೆ ವಿಶೇಷ ಪ್ರೀತಿ ಹುಟ್ಟಿತ್ತು. ಮುದ್ರೆ ಸ್ಪಷ್ಟವಿದೆ, ಇಂಗಿತ ಸ್ಪಷ್ಟವಿದೆ, ರುಜು ಹಾಕಿದ ಮಾತ್ರಕ್ಕೆ ಒಬ್ಬ ನಾಗರಿಕನ ಓಟನ್ನು ಕಸದ ಬುಟ್ಟಿಗೆ ಹಾಕುವುದೇ? ಬೇಕಾದರೆ ಕೈಬರಹ ತಜ್ಞರನ್ನು ಕರೆಸಿ, ಆ ರುಜುವಿನ ಒಡೆಯನನ್ನು ಹುಡುಕಿ, ಸಾಕ್ಷಿಕಟ್ಟೆ ಹತ್ತಿಸುತ್ತೇನೆ ಎಂದ.

ಸಾಕ್ಷಿಕಟ್ಟೆಯಲ್ಲಿ ತಾವು ನಿಂತಿರುವುದು, ತಮ್ಮನೇ ಚೀಟಿ ಎತ್ತಿ ಹಿಡಿದು ಇದು ನಿಮ್ಮ ರುಜುವೇ ಎಂದು ಕೇಳುವುದು, ಮುಂದಿನ ಬೆಂಚಿನಲ್ಲಿ ಯಜಮಾನರು ಭೂತಗನ್ನಡಿ ತೆಗೆದು ತಮ್ಮನ್ನು ನೋಡುವುದು, ಎಲ್ಲ ಮೇಡಂ ಕಣ್ಣಿಗೆ ಕಟ್ಟಿತು. ಆ ಓಟು ಊರ್ಜಿತವಾದರೆ ಬೇಕರಿಯವನ ಅಂತರ ಎರಡಾಗುತ್ತದೆ, ಕೇಸಿನ ಕಾಲು ಮುರಿಯುತ್ತದೆ. ಅದು ಹೋಗಲಿ. ತನ್ನ ಹೆಂಡತಿಯೇ ತನಗೆ ಓಟು ಹಾಕಲಿಲ್ಲ ಎಂದು ಆ ಮನುಷ್ಯ ತುಂಬಿದ ನ್ಯಾಯಾಲಯದಲ್ಲಿ ತಿಳಿಯಬೇಕೇ? ಆಮೇಲೆ ಒಂದೇ ಮೇಜಿನಲ್ಲಿ ಹೇಗೆ ಊಟಕ್ಕೆ ಕೂರುವುದು?

ಅದಕ್ಕೇ ಮೇಡಂ ವಾದಕ್ಕೆ ಇಳಿದರು. ಸೋತವರೆಲ್ಲ ನ್ಯಾಯಾಲಯಕ್ಕೆ ಹೋದರೆ ಜನ ಓಟು ಹಾಕುವುದು ಯಾಕೆ, ಜಡ್ಜುಗಳೇ ಸದಸ್ಯರನ್ನು ಆರಿಸಿಬಿಡಲಿ ಎಂದರು. ಕೇಸು ನಾಲ್ಕೂವರೆ ವರ್ಷ ಎಳೆಯುತ್ತದೆ, ಅವಧಿ ಐದು ವರ್ಷ, ಗೆದ್ದರೂ ಆರು ತಿಂಗಳ ಮಟ್ಟಿಗೆ ಹರಿದ ಕುರ್ಚಿ ಸಿಗುತ್ತದೆ ಎಂದರು. ಅನ್ಯಾಯವಾಗಿದ್ದರೆ ದಾವೆ ಹೂಡಬೇಕು, ಹೊಟ್ಟೆ ಉರಿಗೆ ದಾವೆ ಮದ್ದಲ್ಲ ಎಂದರು. ತಮ್ಮ ಬಿಡುವವನೇ? ಯಾರೂ ಪ್ರಶ್ನಿಸದಿದ್ದರೆ ಎಣಿಸುವವರ ಕೈ ಸಡಿಲವಾಗುತ್ತದೆ, ಇವತ್ತು ಒಂದು ಓಟು, ನಾಳೆ ನೂರು ಎಂದ. ಸುಳ್ಳು ದಾವೆಯಿಂದ ಚುನಾವಣೆಗೆ ಕೆಟ್ಟ ಹೆಸರು, ನಿಜವಾದ ದಾವೆಯಿಂದ ಒಳ್ಳೆಯ ಹೆಸರು ಎಂದ. ಹಾಳಾದವನು ಸರಿಯಾಗಿಯೇ ಮಾತಾಡುತ್ತಿದ್ದಾನೆ ಎಂದು ಮೇಡಂಗೆ ಒಳಗೊಳಗೇ ಅನ್ನಿಸಿತು. ಬೇರೆ ಯಾರ ಮನೆಯ ಕೇಸಾಗಿದ್ದರೂ ಅವರು ತಮ್ಮನ ಪಕ್ಷವೇ.

ಯಜಮಾನರು ಮಾತ್ರ, "ನನಗೆ ಕುರ್ಚಿ ಬೇಡ. ನಿಜ ಏನು ಅಂತ ಗೊತ್ತಾಗಬೇಕು, ಅಷ್ಟೆ," ಎಂದು ಪಟ್ಟು ಹಿಡಿದರು. ನಿಜ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತು ಬೀನ್ಸ್ ಸೋಸುತ್ತಿತ್ತು.

ಬೇಕರಿಯವನಾದರೂ ಬೇಡ ಅನ್ನುತ್ತಾನೆ ಎಂದು ಮೇಡಂ ನೆಚ್ಚಿಕೊಂಡಿದ್ದರು. ಅವನು ಒಂದು ಬೆಳಿಗ್ಗೆ ಬಿಸಿ ಬ್ರೆಡ್ಡು ಹಿಡಿದು ಬಂದವನು, ದಯವಿಟ್ಟು ಕೇಸು ಹಾಕಿ ಎಂದು ಯಜಮಾನರನ್ನೇ ಕೇಳಿಕೊಂಡ. ಬ್ರೆಡ್ಡು ಕೊಳ್ಳಲು ಬಂದವರೆಲ್ಲ ಒಂದು ಓಟಿನ ಸದಸ್ಯ ಎಂದು ಕಿಚಾಯಿಸುತ್ತಾರಂತೆ. ತಾನು ನಿಜವಾಗಿ ಗೆದ್ದೆನೋ ಇಲ್ಲವೋ ಎಂದು ಅವನಿಗೂ ನಿದ್ದೆ ಬರುತ್ತಿಲ್ಲವಂತೆ. ಯಜಮಾನರು ಅವನ ಬೆನ್ನು ತಟ್ಟಿದರು. ಸೋತವನೂ ಗೆದ್ದವನೂ ಕೂಡಿ ನನ್ನ ಕೊರಳಿಗೆ ಹಗ್ಗ ಹೊಸೆಯುತ್ತಿದ್ದಾರಲ್ಲ ಎಂದು ಮೇಡಂ ಬ್ರೆಡ್ಡನ್ನು ಬೇಕೆಂದೇ ದಪ್ಪ ದಪ್ಪ ಕೊಯ್ದರು.

ಇನ್ನು ಉಳಿದದ್ದು ಒಂದೇ ದಾರಿ. ಅರ್ಜಿ ಸಿದ್ಧವಾಗುತ್ತಲೇ ಯಜಮಾನರು ಅದನ್ನು ಮೇಡಂ ಮುಂದೆ ಇಟ್ಟಿದ್ದರು. ಕಾಗದ ನೋಡುವುದರಲ್ಲಿ ನೀನು ಎತ್ತಿದ ಕೈ, ನೀನು ಓದಿ ಪುಟಕ್ಕೊಂದು ಚಿಕ್ಕ ರುಜು ಹಾಕದೆ ನಾನು ಸಹಿ ಮಾಡುವುದಿಲ್ಲ ಎಂದಿದ್ದರು. ಮೂವತ್ತೆರಡು ವರ್ಷ ಜನರ ಅರ್ಜಿಗಳನ್ನು ವಾಪಸ್ಸು ಕಳಿಸಿದ ವಿದ್ಯೆಯನ್ನೆಲ್ಲ ಮೇಡಂ ಹೊರಗೆ ತೆಗೆದರು. ಮೊದಲ ಸಲ, ಎಡ ಅಂಚಿನಲ್ಲಿ ಜಾಗ ಸಾಲದು. ಎರಡನೇ ಸಲ, ಲಗತ್ತುಗಳಿಗೆ ಕ್ರಮ ಸಂಖ್ಯೆ ಇಲ್ಲ. ಮೂರನೇ ಸಲ, ಪ್ರತಿವಾದಿಯ ಮನೆ ನಂಬರು ಹಳೆಯದು. ನಾಲ್ಕನೇ ಸಲ, ಕಾಗದದ ಅಳತೆಯೇ ತಪ್ಪು. ತಮ್ಮ ಪ್ರತಿ ಸಲವೂ ಹಲ್ಲು ಕಚ್ಚಿಕೊಂಡು ತಿದ್ದಿ ತಂದ. ಹೀಗೆ ಇಪ್ಪತ್ತೊಂಬತ್ತು ದಿನ ಕಳೆದವು.

ಮೂವತ್ತನೇ ದಿನ ಮಧ್ಯಾಹ್ನ ಮೂರು ಗಂಟೆಗೆ ವಕೀಲ ತಮ್ಮ ಐದನೇ ಪ್ರತಿಯನ್ನು ಮೇಜಿನ ಮೇಲೆ ಇಟ್ಟು, ಇದರಲ್ಲಿ ಒಂದು ತಪ್ಪು ಹುಡುಕಿದರೆ ಕರಿ ಕೋಟು ಬಿಚ್ಚಿಡುತ್ತೇನೆ ಎಂದ. ನ್ಯಾಯಾಲಯದ ಕಚೇರಿ ಮುಚ್ಚುವುದು ಐದಕ್ಕೆ. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾಗಿ ಕೂತಿದ್ದರು. ಮೇಡಂ ಓದಿದರು. ಒಂದನೇ ಪುಟಕ್ಕೆ ರುಜು ಬಿತ್ತು. ಎರಡು, ಮೂರು. ನಾಲ್ಕನೇ ಪುಟದ ಆರನೇ ಪ್ಯಾರಾದಲ್ಲಿ ಹೀಗಿತ್ತು: ಸದರಿ ಕ್ರಮ ಸಂಖ್ಯೆ ಏಳರ ಮತವು ಅರ್ಜಿದಾರರ ಪರವಾಗಿಯೇ ಚಲಾವಣೆಯಾಗಿರುತ್ತದೆ ಎಂದು ಅರ್ಜಿದಾರರು ನಂಬಿರುತ್ತಾರೆ.

ಪೆನ್ನು ಮೂಲೆಯವರೆಗೆ ಹೋಗಿ ನಿಂತಿತು. ಅಂಚಿನ ತಪ್ಪು, ಅಳತೆಯ ತಪ್ಪು ಎಂದು ಆಟ ಆಡಬಹುದು. ಸುಳ್ಳು ಎಂದು ಗೊತ್ತಿರುವ ಕಾಗದಕ್ಕೆ ಮಾತ್ರ ಆ ಕೈ ಒಂದು ದಿನವೂ ರುಜು ಹಾಕಿದ್ದಿಲ್ಲ. ಮೇಡಂ ಎಷ್ಟು ಒತ್ತಾಯಿಸಿದರೂ ಕೈ ಏಳಲಿಲ್ಲ.

"ಆರನೇ ಪ್ಯಾರಾ ಸುಳ್ಳು," ಎಂದರು.

"ಹೇಗೆ ಹೇಳ್ತೀಯಕ್ಕ? ನೀನೇನು ಕಂಡಿದ್ದೀಯಾ?" ಎಂದ ತಮ್ಮ.

ಮೇಡಂ ಮೂರನೇ ಪುಟದ ಮೂಲೆಯಲ್ಲಿ ಹಸಿಯಾಗಿದ್ದ ರುಜುವನ್ನೂ ತಾರೀಖನ್ನೂ ಬೆರಳಿಟ್ಟು ತೋರಿಸಿದರು. ತಮ್ಮ ಅದನ್ನು ನೋಡಿದ, ತಿರಸ್ಕೃತ ಚೀಟಿಗಳ ಪಟ್ಟಿ ನೋಡಿದ, ಅಕ್ಕನ ಮುಖ ನೋಡಿದ, ಮೆಲ್ಲನೆ ಕುರ್ಚಿಗೆ ಕುಸಿದ. ಇದನ್ನು ವಕೀಲನ ಎದುರು ಹೇಳಬಾರದಿತ್ತು ಎಂದು ಗೊಣಗಿದ. ಆಮೇಲೆ ಅಭ್ಯಾಸಬಲದಿಂದ, ಹೋದರೆ ಅದೊಂದು ಹೋಗಲಿ, ಇನ್ನೂ ಎಂಟು ಚೀಟಿ ಇದೆಯಲ್ಲ ಎಂದೂ ಸೇರಿಸಿದ.

ಯಜಮಾನರು ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಂಗಡಿಯ ಕೋಣೆಗೆ ಹೋಗಿ ಒಂದು ನೋಟ್‌ಬುಕ್ಕು ತಂದರು. ತಮಗೆ ಯಾರು ಯಾರು ಓಟು ಹಾಕಿರಬಹುದು ಎಂದು ಕೂತು ಬರೆದ ಹೆಸರುಗಳು, ಒಟ್ಟು ನಾನ್ನೂರ ಹನ್ನೊಂದು. ಮೊದಲ ಸಾಲಿನಲ್ಲಿ ಹೆಂಡತಿಯ ಹೆಸರಿತ್ತು. ಅದನ್ನು ಅವರು ಹೊಡೆದುಹಾಕಲಿಲ್ಲ, ಸುಮ್ಮನೆ ನೋಡುತ್ತ ಕೂತರು. ಅವರು ರೇಗಿ ಕೂಗಾಡಿದ್ದರೆ ಮೇಡಂಗೆ ಎಷ್ಟೋ ಹಗುರವಾಗುತ್ತಿತ್ತು.

"ಯಾಕೆ?" ಎಂದರು ಕೊನೆಗೆ.

ಚರಂಡಿ ಎಂದು ಹೇಳಲು ಮೇಡಂ ಬಾಯಿ ತೆರೆದರು. ಬಂದದ್ದು ಬೇರೆಯೇ ಮಾತು.

"ಅವನು ಬಂದು ಕೇಳಿದ ಕಣ್ರೀ. ನಿಮ್ಮ ಮನೆಯವರೇ ನಿಂತಿದ್ದಾರೆ, ನೀವು ಹಾಕಲ್ಲ ಅಂತ ಗೊತ್ತು, ಆದ್ರೂ ಕೇಳ್ದೆ ಹೋದ್ರೆ ತಪ್ಪಾಗುತ್ತೆ ಮೇಡಂ ಅಂದ. ನೀವು ಇಪ್ಪತ್ತು ದಿನ ಚಪ್ಪಲಿ ಸವೆಸಿಕೊಂಡು ಮನೆಮನೆ ತಿರುಗಿದ್ರಿ. ಎರಡು ಸಲ, ಮೂರು ಸಲ ಹೋಗಿ ಕೇಳಿದ ಮನೆಗಳಿವೆ. ಒಂದು ದಿನ ನನ್ನ ಕೇಳಿದ್ರಾ?"

ಹೇಳಿಯಾದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಇಷ್ಟು ದಿನ ಇದು ಎಲ್ಲಿ ಅಡಗಿ ಕೂತಿತ್ತೋ. ಮೂವತ್ತೈದು ವರ್ಷದಲ್ಲಿ ಊಟ ಆಯ್ತಾ ಎಂದು ಕೇಳಿದ್ದಾರೆ, ಕೀಲಿಕೈ ಎಲ್ಲಿ ಎಂದು ಕೇಳಿದ್ದಾರೆ. ನಿನಗೆ ಏನನ್ನಿಸುತ್ತದೆ ಎಂದು ಕೇಳಿದ ನೆನಪು ಮೇಡಂಗೆ ಇರಲಿಲ್ಲ. ಕಣ್ಣು ತುಂಬಿತು.

ಗಡಿಯಾರ ನೋಡಿದ ತಮ್ಮ, ಹೊರಡುವುದಾದರೆ ಈಗಲೇ ಹೊರಡಬೇಕು ಭಾವ, ಎಂಟು ಚೀಟಿ ಸಾಕು ಎಂದ.

"ಆ ಎಂಟು ಜನ ಯಾರೇ ಆಗಿರಲಿ, ಅವರ ಮನೆಗೂ ಹೋಗಿ ಕೇಳಿ ಬಂದಿದ್ದೀನಿ ಕಣೋ," ಎಂದರು ಯಜಮಾನರು. "ಎಣಿಸಿದವರದ್ದು ತಪ್ಪಿದ್ರೆ ಕೇಸು ಹಾಕಬಹುದು. ಹೆಂಡತಿನೇ ಕೇಳದೆ ಇದ್ದವನ ಮೇಲೆ ಯಾವ ಕೋರ್ಟಲ್ಲಿ ಹಾಕ್ತೀಯ?"

ಅಷ್ಟು ಹೇಳಿ ಎದ್ದು, ಕನ್ನಡಿಯ ಮುಂದೆ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಕೋಪ ಮಾಡಿಕೊಂಡು ಹೋದರು ಎಂದೇ ಮೇಡಂ ಅಂದುಕೊಂಡರು.

ಐದು ನಿಮಿಷದ ಮೇಲೆ ಬಾಗಿಲ ಗಂಟೆ ಸದ್ದು ಮಾಡಿತು. ಮೇಡಂ ಹೋಗಿ ತೆರೆದರು. ಮೆಟ್ಟಿಲ ಮೇಲೆ ಯಜಮಾನರು, ಬೇರೆಯವರ ಮನೆಗಳ ಮುಂದೆ ನಿಲ್ಲುತ್ತಿದ್ದಂತೆಯೇ, ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದರು.

"ನಮಸ್ಕಾರ. ಐದು ವರ್ಷ ಆದ್ಮೇಲೆ ಚುನಾವಣೆಗೆ ನಿಲ್ಲೋಣ ಅಂತಿದ್ದೀನಿ. ನಿಮಗೆ ಏನನ್ಸುತ್ತೆ ಕೇಳೋಣ ಅಂತ ಮೊದಲು ನಿಮ್ಮ ಮನೆಗೇ ಬಂದೆ."

ಧ್ವನಿ ತಮಾಷೆಯ ಹಾಗೆ ಶುರುವಾಗಿ ಕೊನೆಗೆ ತಡವರಿಸಿತು. ಯೋಚನೆ ಮಾಡಿ ಹೇಳುತ್ತೇನೆ ಎಂದು ಸ್ವಲ್ಪ ಕಾಡಿಸಬೇಕೆಂದು ಮೇಡಂಗೆ ಆಸೆಯಾಯಿತು. ಆದರೆ ಕೈ ಆಗಲೇ ಬಾಗಿಲನ್ನು ಪೂರ್ತಿ ತೆರೆದಿತ್ತು.

"ಹೇಳೋದು ಬಹಳ ಇದೆ," ಎಂದರು ಅವರು. "ಒಳಗೆ ಬಂದು ಕೂತ್ಕೊಳ್ಳಿ."