ಮನೆಮಗಳ ಪಾಲಿನ ತುಪ್ಪ

ತಡಸದ ಸರೋಜವ್ವನ ಮನೆಯಲ್ಲಿ ಒಂದು ಕಟ್ಟಳೆ. ಹೋಳಿಗೆಯ ದಿನ ತುಪ್ಪದ ಮೊದಲ ಮಿಳ್ಳೆ ಬೀಳುವುದು ಗಂಡಸರ ತಾಟಿಗಲ್ಲ, ತವರಿಗೆ ಬಂದ ಮಗಳ ತಾಟಿಗೆ. ಸೊಸೆ ಉಣ್ಣುವುದು ಕೊನೆಗೆ. ತಂಬಿಗೆಯ ತಳದಲ್ಲಿ ತುಪ್ಪ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ, ಸೊಸೆಯಂತೂ ಆಗಿರಲಿಕ್ಕಿಲ್ಲ.

ಆ ಮನೆಯ ಮಗಳು ಸುಧಾರಾಣಿ, ಅಕ್ಕಿಆಲೂರಿನಲ್ಲಿ ಕುಪ್ಪಸ ಹೊಲಿಯುವವಳು. ಎರಡು ವರ್ಷದ ಹಿಂದೆ ಅವಳ ಬೆರಳ ಗೆಣ್ಣುಗಳು ಬಾತು, ಬೆಳಿಗ್ಗೆ ಎದ್ದರೆ ಕತ್ತರಿ ಹಿಡಿಯಲಿಕ್ಕೂ ಬರದಂತಾಯಿತು. ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ, ಎಂದರು ಡಾಕ್ಟರು. ಗುಳಿಗೆ ಬರೆದುಕೊಟ್ಟರು.

"ಗುಳಿಗಿ ಮಾತ್ರ ಬಿಡಬ್ಯಾಡ್ರಿ. ಇನ್ನ ಎಣ್ಣಿ-ತುಪ್ಪದ ಮಾತು, ಎಲ್ಲಾರ ಮೈಗೂ ಒಂದ ಥರ ಆಗೂದಿಲ್ಲ. ನಿಮ್ಮ ಮೈಗೆ ಯಾವುದು ಒಗ್ಗತೈತಿ, ನೀವ ನೋಡ್ಕೋರಿ."

ಸುಧಾರಾಣಿ ನೋಡಿಕೊಂಡಳು. ಕರಿದದ್ದು, ತುಪ್ಪ ಸುರಿದದ್ದು ಉಂಡ ಮರುದಿನ ಬೆರಳು ಬಿಗಿಯುತ್ತಿದ್ದವು. ಅದನ್ನು ಬಿಟ್ಟು ರೊಟ್ಟಿಗೆ ಅಗಸಿ ಹಿಂಡಿ, ಅಂದರೆ ಅಗಸೆಬೀಜದ ಚಟ್ನಿಪುಡಿ, ಹಚ್ಚಿಕೊಂಡ ದಿನಗಳಲ್ಲಿ ಸಡಿಲವಾಗಿರುತ್ತಿದ್ದವು. ಬೇರೆಯವರ ಮೈ ಏನೆನ್ನುತ್ತದೋ ಅವಳಿಗೆ ಬೇಕಿರಲಿಲ್ಲ, ತನ್ನ ಮೈಯ ಮಾತು ತಿಳಿಯಿತು. ಗುಳಿಗೆಯ ಜೊತೆ ಪಥ್ಯವೂ ನಡೆಯಿತು, ಹೊಲಿಗೆಯೂ ನಡೆಯಿತು.

ಇದನ್ನೆಲ್ಲ ತವರಿಗೆ ಫೋನಿನಲ್ಲಿ ಹೇಳಿದ್ದಳು. ಸರೋಜವ್ವ ನಂಬಬೇಕಲ್ಲ. "ಕೀಲು ಒಣಗ್ಯಾವ, ಅಷ್ಟ. ಚಕ್ಕಡಿ ಗಾಲಿ ಕಿರಗುಟ್ಟಿದ್ರ ಎಣ್ಣಿ ಹಾಕ್ತಾರೋ, ತೆಗೀತಾರೋ?" ಎಂದು ಕೇಳಿ, ಕಾರಹುಣ್ಣಿಮೆಗೆ ಮಗಳು ಬರುತ್ತಾಳೆಂದು ಬೆಣ್ಣೆ ಕಾಸಿ ಕಾಸಿ ತಂಬಿಗೆ ತುಂಬಿಸಿಟ್ಟಳು.

ಹುಣ್ಣಿಮೆಯ ಮಧ್ಯಾಹ್ನ ಸುಧಾರಾಣಿ, ತಮ್ಮ ಮೃತ್ಯುಂಜಯ, ಸೋದರತ್ತೆ ನೀಲವ್ವ ಉಣ್ಣಲು ಕುಳಿತರು. ಮೃತ್ಯುಂಜಯನ ಮದುವೆ ಆ ಬೇಸಿಗೆಯಲ್ಲೇ ಆಗಿತ್ತು. ಹೊಸ ಸೊಸೆ ಪೂಜಾ ಒಲೆಯ ಮುಂದಿದ್ದಳು. ಸರೋಜವ್ವ ಮಿಳ್ಳೆ ಎತ್ತಿದಾಗ ಸುಧಾರಾಣಿ ಹೋಳಿಗೆಯ ಮೇಲೆ ಕೈ ಅಡ್ಡ ಹಿಡಿದಳು.

"ಬ್ಯಾಡವ್ವ. ನಾಳೆ ಬೆರಳು ಹಿಡ್ಕೊಂತಾವ."

ಸರೋಜವ್ವನ ಮುಖ ಸಣ್ಣದಾಯಿತು. ನೀಲವ್ವ ಸುಮ್ಮನಿರುತ್ತಾಳೆಯೇ? ಸುಮ್ಮನಿದ್ದರೆ ಉಂಡದ್ದು ಅರಗದ ಹೆಂಗಸು.

"ಇಷ್ಟು ವರ್ಷ ಸೇರಿದ ತುಪ್ಪ ಈಗ ಸೇರವಲ್ದು. ಸೊಸಿ ಕಾಲಿಟ್ಟ ಮ್ಯಾಲ ಮಗಳು ತುಪ್ಪ ಒಲ್ಲೆ ಅಂದ್ರ ಊರಾಗ ಏನಂತಾರ, ಸರೋಜಾ? ಹೊಸಾಕಿ ಏನರ ಅಂದಿರಬೇಕು."

ಹೋಳಿಗೆ ತಿರುವುತ್ತಿದ್ದ ಪೂಜಾಳ ಕೈ ನಿಂತಿತು. ಸರೋಜವ್ವ ಅತ್ತ ನೋಡಿದ ನೋಟ ಸುಧಾರಾಣಿಗೆ ಹಿಡಿಸಲಿಲ್ಲ. ಒಂದು ಮಿಳ್ಳೆ ಹಾಕಿಸಿಕೊಂಡರೆ ಹುಡುಗಿಯ ಮರ್ಯಾದೆ ಉಳಿಯುತ್ತದೆ. ಆದರೆ ಇವತ್ತು ಹಾಕಿಸಿಕೊಂಡರೆ ಪಂಚಮಿಗೂ ಹಾಕಿಸಿಕೊಳ್ಳಬೇಕು, ದೀಪಾವಳಿಗೂ. ಬೇಡವೆಂದರೆ ತನ್ನ ಬೆರಳು ಉಳಿದ ತಪ್ಪಿಗೆ ಆ ಹುಡುಗಿ ವರ್ಷವಿಡೀ ಮಾತು ಕೇಳಬೇಕು. ಸುಧಾರಾಣಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ದಾರಿಯೂ ಹೊಳೆಯಿತು.

"ಪೂಜಾ, ಒಲಿ ಆರಿಸಿ ಇಲ್ಲೆ ಬಾ. ನಿನ್ನ ತಾಟೂ ತಗೊಂಡ ಬಾ."

"ನಾ ಆಮ್ಯಾಲ ಉಣ್ತೇನ್ರಿ, ಅಕ್ಕಾರ."

"ಕುಂದ್ರು ಅಂದ್ನೆಲ್ಲ," ಎಂದು ಸುಧಾರಾಣಿ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಪೂಜಾ ಹೆದರುತ್ತಲೇ ಕುಳಿತಳು.

"ಅವ್ವ, ನನ್ನ ಪಾಲು ಬಿಟ್ಟುಕೊಡಾಕ ನನಗೇನು ಹುಚ್ಚಿಲ್ಲ. ಆ ತುಪ್ಪ ನಂದ. ನಂದಂತನ ಹೇಳಾಕತ್ತೇನಿ, ಇಕಿ ತಾಟಿಗೆ ಹಾಕು. ನನಗ ಅಗಸಿ ಹಿಂಡಿ ನೀಡು, ಅದೂ ನಿನ್ನ ಕೈಲೇನ." ಆಮೇಲೆ ನೀಲವ್ವನ ಕಡೆ ತಿರುಗಿದಳು. "ಅತ್ತಿ, ಊರಾಗ ಕೇಳಿದ್ರ ಹೇಳ್ರಿ. ಮನಿಮಗಳ ತುಪ್ಪ ಮನಿಮಗಳ ಕೊಟ್ಟಾಳಂತ."

ನೀಲವ್ವ ಒಂದು ದೊಡ್ಡ ತುತ್ತು ಮುರಿದು ಬಾಯಿಗಿಟ್ಟುಕೊಂಡಳು.

ಸರೋಜವ್ವ ಮಿಳ್ಳೆ ಹಿಡಿದು ನಿಂತೇ ಇದ್ದಳು. ಅವಳೂ ಈ ಮನೆಗೆ ಸೊಸೆಯಾಗಿಯೇ ಬಂದವಳು, ಅತ್ತೆ ಇರುವಷ್ಟು ದಿನ ಕೊನೆಗೇ ಉಂಡವಳು. ಕಡೆಗೆ ಬಗ್ಗಿ ಪೂಜಾಳ ತಾಟಿಗೆ ಸುರಿದಳು. ಹೋಳಿಗೆ ತೊಯ್ದು ತುಪ್ಪ ತಾಟಿನ ಅಂಚಿಗೆ ಬಂದರೂ ಸುರಿಯುತ್ತಲೇ ಇದ್ದಳು.

"ಸಾಕು ಅನ್ನವಾ," ಎಂದು ಸುಧಾರಾಣಿ ಪೂಜಾಳ ಕಿವಿಯಲ್ಲಿ ಪಿಸುಗುಟ್ಟಿದಳು.

ಪೂಜಾ ಎಲ್ಲಿಂದ ಅಂದಾಳು? ತುಪ್ಪಕ್ಕೆ ಸಾಕು ಎನ್ನುವ ಪ್ರಸಂಗ ಆ ಮನೆಯ ಯಾವ ಸೊಸೆಗೂ ಬಂದಿರಲಿಲ್ಲ.